ಬಿಲ್ಡಿಂಗ್ ಗ್ರೂಪಿನ ಹಾಡುಗಳು

ಕುರ್ಲಾ ಸ್ಟೇಷನ್ನಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ ವಿನೋದಿನಿಗೆ ಬೆನ್ನ ಹಿಂದಿನಿಂದ ಧಾರವಾಡದ ಕನ್ನಡ ಕೇಳಿಸಿತು. ದನಿಯಿಂದ ಅರವತ್ತರ ಆಸುಪಾಸಿನ ಗಂಡ ಹೆಂಡತಿ ಅನಿಸಿತು. ಉಡುಪಿ ಕಡೆಯವಳಾದ ಅವಳಿಗೆ ಆ ಮಾತು ಬೇರೆಯದೆನಿಸಲಿಲ್ಲ. ತಿರುಗಿ ನೋಡದೆ ಕಿವಿಗೊಟ್ಟಳು.

“ದಾನವ್ವ, ನಿನ್ನ ಮೊಬೈಲಿಗೆ ಹೊಸಾ ಆಲ್ಬಮ್ ಕಳಿಸಿದ್ನಲ್ಲ, ಕೇಳಿದೇನ?”

“ಕೇಳಿದೆ. ಎಂಟು ಹಾಡಿನ್ಯಾಗ ಐದು ನಿದ್ದಿ ಬರಸ್ತಾವ.”

“ನಿನಗ ಲೋಕಲ್ ಟ್ರೇನ್‌ನ್ಯಾಗ ನಿಂತರೂ ನಿದ್ದಿ ಬರ್ತೈತಿ. ಅದು ಹಾಡಿನ ತಪ್ಪೇನ?”

“ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಉದ್ದಕ ಬರದೀರಿ, ದನಿ ಜೇನು, ತಬಲಾ ಮಳಿ ಅಂತ. ನನಗ ಬರೇ ಹಾಡು ಒಗದೀರಿ, ಒಂದಕ್ಷರ ಇಲ್ಲ.”

“ಮನ್ಯಾಗ ಇರೋರಿಗೆ ಬರದು ಹೇಳಬೇಕೇನ?”

“ಗ್ರೂಪಿನ್ಯಾಗ ಪಕ್ಕದ ಮನಿ ಪಾಟೀಲ್ ವೈನಿಗೆ ಮಾತ್ರ ಹೂವಿನ ಚಿತ್ರ ಹಾಕಿ ಉತ್ತರ ಕೊಡ್ತೀರಿ.”

“ಆಕಿ ಹಾಡು ಭಾಳ ಛಲೋ ಅದಾವ ಅಂದ್ಲು.”

“ಆಕಿ ಒಂದೂ ಕೇಳಿಲ್ಲ. ನಿನ್ನೆ ಲಿಫ್ಟಿನ್ಯಾಗ ತಾನ ಒಪ್ಪಿಕೊಂಡ್ಲು.”

ವಿನೋದಿನಿ ನಗು ತಡೆಯಲು ತುಟಿ ಕಚ್ಚಿದಳು. ಗಂಡ ಮಾತು ಬದಲಿಸಿದ.

“ಆರನೇ ಹಾಡರ ಹಿಡಸ್ತೇನ?”

“ನಾಕು ಸಲ ಕೇಳೀನಿ. ಯಾಕ?”

“ಗ್ರೂಪಿಗೆ ಏಳ ಹಾಡು ಹಾಕೀನಿ. ಆರನೇದು ನಿನಗಷ್ಟ.”

ಬಸ್ಸು ಬಂತು. ಹೆಂಡತಿ ಸೆರಗು ಸರಿಪಡಿಸಿಕೊಂಡು ವಿನೋದಿನಿಯನ್ನು ದಾಟಿ ಮುಂದೆ ನಡೆದಳು. ಅವಳ ಮುಖ ನಾಚಿ ಕೆಂಪೇರಿತ್ತು.

“ಹಂಗಿದ್ರ ಅದರ ಜೋಡಿ ಒಂದು ಸಾಲು ಬರೀಬೇಕಿತ್ತು.”

“ಏನಂತ ಬರೀಲಿ?”

“ಅದನ್ನೂ ನಾನ ಹೇಳಿಕೊಡಬೇಕೇನ್ರಿ? ಬಸ್ ಹತ್ತರಿ ಮೊದಲು!”