ಚೀಟಿ ಡಬ್ಬಿಯ ಬೀಗದ ಕೈ

...ಅಯ್ಯೋ, ಏಳಬೇಡ, ಮಲಗಿರು ಮಾರಾಯ್ತಿ. ಗಂಡನ ಅಕ್ಕ ಬಂದ್ಲು ಅಂತ ಎದ್ದು ಕೂರೋ ಹೊತ್ತಾ ಇದು? ದವಡೆಗೆ ತಂತಿ ಹಾಕಿ ಬಿಗಿದಿದ್ದಾರಂತೆ, ಆರು ವಾರ ಬಾಯಿ ಬಿಡೋ ಹಾಗಿಲ್ವಂತೆ. ನರ್ಸ್ ಹೇಳಿದ್ಲು. ಒಳ್ಳೇದೇ ಆಯ್ತು ಬಿಡು, ಮಾತು ಜಾಸ್ತಿಯಾಗಿ ತಾನೇ ಇಷ್ಟೆಲ್ಲ ಆಗಿದ್ದು?... ಏಯ್, ತಮಾಷೆಗಂದೆ ಕಣೇ. ಮುಖ ಆ ಕಡೆ ತಿರುಗಿಸಬೇಡ.

ಸೇಬು ತಂದಿದ್ದೆ. ನನ್ನ ಬುದ್ಧಿಗಿಷ್ಟು! ನೀನು ಅಗಿಯೋ ಹಾಗಿಲ್ಲ ಅಲ್ವಾ. ಇರಲಿ, ಕೊಳೆಸೋದ್ಯಾಕೆ, ನಾನೇ ಒಂದು ಕಡೀತೀನಿ. ಮ್ಮ್... ಸಿಹಿಯಾಗಿದೆ.

ನೋಡು, ಹನ್ನೊಂದು ಗಂಟೆಗೆ ಪೊಲೀಸಿನವಳು ಬರ್ತಾಳಂತೆ. ಏನಾಯ್ತು ಅಂತ ಆ ನೋಟ್ ಪುಸ್ತಕದಲ್ಲಿ ಬರೆದುಕೊಡ್ಬೇಕಂತೆ ನೀನು. ಬರಿ. 'ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದೆ.' ಅಷ್ಟೇ, ಒಂದು ಸಾಲು. ನನ್ನ ತಮ್ಮ ಶನಿವಾರ ರಾತ್ರಿಯಿಂದ ನಮ್ಮನೇಲೇ ಇದಾನೆ. ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ, ಕೈ ಬೇರೆ ಊದಿಕೊಂಡಿದೆ ಪಾಪ... ಯಾಕೆ, ನಗು ಬಂತಾ? ಹೊಡೆದವನ ಕೈಗೂ ನೋವಾಗುತ್ತಮ್ಮ. ಒಂದೇ ಕೈಲಿ ಚಪ್ಪಾಳೆ ಆಗುತ್ತೇನೇ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀನು ಉಣ್ಣೋ ಹಾಗಿಲ್ಲ, ಅದು ಬೇರೆ ಮಾತು.

ಯೇಸುಸ್ವಾಮಿ ಶಿಲುಬೆ ಯಾರಿಗೆ ಕೊಡ್ತಾನೆ ಹೇಳು? ಹೊರೋ ತಾಕತ್ತಿರೋರಿಗೆ. ಚಿನ್ನಾನ ತಾನೇ ಪುಟಕ್ಕೆ ಹಾಕೋದು? ಬೀದಿ ಕಲ್ಲನ್ನ ಯಾರು ಹಾಕ್ತಾರೆ?

ತಲೆ ಅಲ್ಲಾಡಿಸಬೇಡ. ಗೊತ್ತು, ಆ ಹೊಸ ಪಾದ್ರಿ ನಿಮ್ಮ ತಲೆಗೆಲ್ಲ ಹುಳ ಬಿಟ್ಟಿದ್ದಾರೆ. 'ದೇವರು ಶಿಲುಬೆ ಮೇಲಿದ್ದ, ಸುತ್ತಿಗೆ ಹಿಡ್ಕೊಂಡು ನಿಂತಿರಲಿಲ್ಲ. ಏಟು ತಿನ್ನೋದು ದೇವರ ಚಿತ್ತ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಚರ್ಚ್ ಬಾಗಿಲ ಹತ್ರ ಪ್ರಾರ್ಥನೆ ಡಬ್ಬಿ ಇದೆ, ಚೀಟಿ ಹಾಕಿ, ನಾನೇ ಮನೆಗೆ ಬರ್ತೀನಿ.' ನಾನೇ ಬರ್ತೀನಂತೆ! ಮೀಸೆ ಮೂಡಿ ಎರಡು ದಿನ ಆಗಿಲ್ಲ, ದೇವರ ಲೆಕ್ಕಾಚಾರ ತಿದ್ದೋಕೆ ಹೊರಟಿದೆ.

ಏನು ಗೀಚ್ತಿದೀಯಾ? ಇರು, ಕನ್ನಡಕ ಹಾಕ್ಕೋತೀನಿ... 'ಪಾದ್ರಿ ಯಾಕೆ ಬರಲಿಲ್ಲ?'

ಓಹೋ! ನೀನೂ ಚೀಟಿ ಹಾಕಿದ್ಯಾ? ನಂಗೇನು ಗೊತ್ತು? ಹನ್ನೊಂದು ವರ್ಷದಿಂದ ಡಬ್ಬಿ ಬೀಗದ ಕೈ ನನ್ನ ಸೊಂಟದಲ್ಲಿರೋದು ನಿಜ. ಶನಿವಾರ ಸಂಜೆ ತೆಗೀತೀನಿ, ದಾರ ಕಟ್ತೀನಿ, ಪಾದ್ರಿ ಮೇಜಿನ ಮೇಲಿಡ್ತೀನಿ. ಒಂದಕ್ಷರ ಓದಲ್ಲ. ಇನ್ನೊಬ್ಬರ ಕಣ್ಣೀರು ಓದೋದು ಪಾಪ ಕಣೇ.

ಆದ್ರೆ ಯೋಚನೆ ಮಾಡು. ನೀನು ದೇವರನ್ನ ಕೇಳಿದೆ. ದೇವರು ಸುಮ್ಮನಿದ್ದ. ಅದೇ ಉತ್ತರ! 'ತಡ್ಕೋ ಮಗಳೇ' ಅಂದ. ಇನ್ನೂ ಬಿಡಿಸಿ ಹೇಳ್ಬೇಕಾ?... ಅಳಬೇಡ, ಅಳಬೇಡ. ಬಾಯಿ ಮುಚ್ಚಿದೆ, ಮೂಗೂ ಕಟ್ಟಿಕೊಂಡ್ರೆ ಉಸಿರು ಹೇಗಾಡ್ತೀಯಾ?

ಈ ಬೆರಳು ನೋಡು. ಮಡಚೋಕಾಗಲ್ಲ. ನಮ್ಮ ಯಜಮಾನರು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದು. ಇಪ್ಪತ್ತೆರಡು ವರ್ಷ ಬಾಳಿದೆ ಆ ಮನುಷ್ಯನ ಜೊತೆ. ನಾನೂ ಹಾಕಿದ್ದೆ ಒಂದು ಚೀಟಿ, ಅದೇ ಡಬ್ಬಿಗೆ. ಒಂದು ನರಪಿಳ್ಳೆ ಬರಲಿಲ್ಲ. ಹಲ್ಲು ಕಚ್ಚಿ ತಡ್ಕೊಂಡೆ. ಅವರ ಮಣ್ಣಿನ ದಿನ ಇಡೀ ಸಭೆ ನನ್ನ ಕೈ ಹಿಡಿದು 'ತಾಳ್ಮೆಯ ತಾಯಿ ಕಣಮ್ಮ ನೀನು' ಅಂತು. ಆಮೇಲೇ ಬೀಗದ ಕೈ ಕೊಟ್ಟಿದ್ದು.

ನೀನು? ಮದುವೆಯಾಗಿ ಆರು ವರ್ಷ ತುಂಬಿಲ್ಲ. ಅಷ್ಟಕ್ಕೇ 'ಒಂದು ದಿನ ನನ್ನನ್ನ ಕೊಂದೇ ಬಿಡ್ತಾರೆ, ಅವರು ಕೆಲಸಕ್ಕೆ ಹೋದಾಗ ಬನ್ನಿ, ಹಿಂದಿನ ಬಾಗಿಲು ತೆಗೆದಿಟ್ಟಿರ್ತೀನಿ' ಅಂತ ಪರಗಂಡಸಿಗೆ ಬರೀತಾರೇನೇ? ಹಿಂದಿನ ಬಾಗಿಲಂತೆ! ಅದನ್ನ ಓದಿದ ಯಾವ ಗಂಡನಿಗೆ ರಕ್ತ ಕುದಿಯಲ್ಲ ಹೇಳು?

...ಏನು?

ಏನೇ ಹಾಗೆ ನೋಡ್ತಿದೀಯಾ?

ಅಂದಾಜಿಗೆ ಹೇಳಿದೆ. ಎಲ್ಲರೂ ಹೀಗೇ ಬರೀತಾರಲ್ಲ ಅಂತ... ಮಾತಿಗೆ... ಅಳೋದಾದ್ರೂ ಅಳೇ. ಆಗಿನ ಹಾಗೆ ತಲೆಯಾದ್ರೂ ಅಲ್ಲಾಡಿಸು.

ಹೆಸರು ಹಾಕದೇ ಇದ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ನಿನ್ನ ಅಡುಗೆಮನೆ ಡಬ್ಬಿಗಳ ಮೇಲೆಲ್ಲ 'ಸಕ್ಕರೆ', 'ಉಪ್ಪು' ಅಂತ ಅಂಟಿಸಿರೋದು ಅದೇ ಅಕ್ಷರ ತಾನೇ? ಬುದ್ಧಿ ಹೇಳ್ಲಿ ಅಂತ ಕೊಟ್ಟೆ ಅವನ ಕೈಗೆ. ದೇವರಾಣೆ! ಮನೆ ಮಾತು ಬೀದಿಗೆ ಬೀಳದೇ ಇರಲಿ ಅಂತ. ದವಡೆ ಮುರಿ ಅಂತ ನಾನು ಹೇಳಿದ್ನಾ? ಹೇಳಿದ್ನಾ ನಾನು?

ಇನ್ನೇನು ಮಾಡ್ಬೇಕಿತ್ತು? ಆ ಪಾದ್ರಿ ಬಂದೇ ಬಿಡ್ತಿದ್ರು! ಒಂದೇ ಒಂದು ಚೀಟಿಗೆ! ಬಂದು ನಿನ್ನ ಕರ್ಕೊಂಡು ಹೋಗಿದ್ರೆ ನನ್ನ ಇಪ್ಪತ್ತೆರಡು ವರ್ಷ ಏನಾಗ್ತಿತ್ತೇ? ಸುಮ್ಮಸುಮ್ಮನೆ ಏಟು ತಿಂದೆ ಅಂತಲಾ? ನಂಗೆ ಯಾರೂ ಬರಲಿಲ್ಲ. ನಿಂಗ್ಯಾಕೆ ಬರ್ಬೇಕು? ಹೇಳು, ಯಾಕೆ ಬರ್ಬೇಕು?

...ಪುಸ್ತಕ ನನ್ನ ಕಡೆಗ್ಯಾಕೆ ತಳ್ತಿದೀಯಾ? ಬರೆಯೋದು ನೀನು. ಪೆನ್ಸಿಲ್ ನಂಗ್ಯಾಕೆ... ಬಿಡೇ ಕೈ. ಈ ಬೆರಳಲ್ಲಿ ಬರೆಯೋಕಾಗಲ್ಲ ನಂಗೆ.

ಅಗೋ, ಬಂದ್ಲು ಪೊಲೀಸಿನವಳು. ಬಾಗಿಲಲ್ಲೇ ನಿಂತಿದಾಳೆ, ಎಷ್ಟು ಹೊತ್ತಾಯ್ತೋ ಏನೋ. ಬರಿ ಕಣೇ. ಏನಾದ್ರೂ ಬರಿ. ಬೈದಾದ್ರೂ ಬರಿ ನನ್ನ. ಹೀಗೆ ಸುಮ್ಮನಿರಬೇಡ.