ಚಂದನ ಮೇಡಂ ಅವರ ಬಾಕಿ ಉಳಿದ ವೈವಾ

ವೇದಿಕೆಯ ಮೇಲಿರುವ ಪ್ರಾಂಶುಪಾಲರಿಗೆ, ಊರಿಂದ ಬಂದ ಹಿರಿಯರಿಗೆ, ನನ್ನ ಸಹೋದ್ಯೋಗಿಗಳಿಗೆ, ಹಿಂದೆ ನಿಂತೇ ಇರುವ ವಿದ್ಯಾರ್ಥಿಗಳಿಗೆ — ನಮಸ್ಕಾರ. ಬೆಳಕವಾಡಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಚಂದನ ಅವರ ತಾಯಿ ಚಿಕ್ಕಬೋರಮ್ಮನವರಿಗೆ, ಚಂದನ ಅವರ ಯಜಮಾನರು ಪುನೀತ್ ಅವರಿಗೆ — ಕೈ ಮುಗಿಯುತ್ತೇನೆ, ಅಷ್ಟೆ.

ನಾನು ಮಹದೇವು. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಚಂದನ ಮೇಡಂ ಪಕ್ಕದ ಕುರ್ಚಿಯವನು. ಒರಟು ಮಾತಿನವನು ಅಂತ ಹೆಸರು ತಗೊಂಡವನು. ಹೋದ ತಿಂಗಳು, ಚಂದನ ಮೇಡಂ ಮದ್ದೂರಿನ ಮನೆಯಿಂದ ಮಂಡ್ಯಕ್ಕೆ ಕಾಲೇಜಿಗೆ ಸ್ಕೂಟರಿನಲ್ಲಿ ಬರುತ್ತಿದ್ದಾಗ, ಗೆಜ್ಜಲಗೆರೆ ಹತ್ತಿರ ಲಾರಿ ಹೊಡೆಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಇತ್ತ ಸ್ಟಾಫ್ ರೂಮಿನಲ್ಲಿ ನಾವು, ಈ ಮೇಡಂ ಯಾಕೆ ಇನ್ನೂ ಬರಲಿಲ್ಲ, ಫಸ್ಟ್ ಅವರ್ ಕ್ಲಾಸ್ ಇದೆಯಲ್ಲ ಅಂತ ಗೊಣಗುತ್ತಾ ಕೂತಿದ್ದೆವು.

ನನ್ನ ಹಿಂದಿರುವ ಈ ಫ್ಲೆಕ್ಸ್ ನೋಡಿ. ಬರೀ 'ಚಂದನ' ಅಂತಿದೆ. ಪ್ರಿಂಟ್ ಮಾಡುವವನು ಹೆಸರಿನ ಮುಂದೆ 'ಡಾ.' ಹಾಕಲೇ ಎಂದು ಕೇಳಿದನಂತೆ. ಪುನೀತ್ ಬೇಡ ಅಂದರು. ಸರಿಯಾಗಿಯೇ ಹೇಳಿದರು. ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾ, ಮುಗಿಯುವ ಮುಂಚೆ ತಮಾಷೆಗೆ 'ಏನ್ ಡಾಕ್ಟ್ರೇ' ಅಂದವರಿಗೂ ಇದೇ ಕಾರಿಡಾರಿನಲ್ಲಿ ಚಂದನ ಅವರಿಂದ ಮಂಗಳಾರತಿ ಆಗುತ್ತಿತ್ತು. ನನಗೂ ಆಗಿದೆ, ಚೆನ್ನಾಗಿಯೇ ಆಗಿದೆ.

ನಾನು, ಚಂದನ ಇಬ್ಬರೂ ಒಂದೇ ವರ್ಷ ಪಿಎಚ್.ಡಿ.ಗೆ ಸೇರಿದವರು. ಮೊದಲು ಕೋರ್ಸ್‌ವರ್ಕ್ — ದಿನಾ ಪಾಠ ಮಾಡುವ ನಾವೇ ಮತ್ತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯಬೇಕು. ಆಮೇಲೆ ಕಾಂಪ್ರಹೆನ್ಸಿವ್ — ದೊಡ್ಡವರೆಲ್ಲ ಸುತ್ತ ಕೂತು, ಕಲಿತದ್ದರಲ್ಲಿ ಏನನ್ನು ಬೇಕಾದರೂ ಕೇಳುತ್ತಾರೆ. ನಾನು ಅಲ್ಲಿಂದ ಎದ್ದು ಮನೆಗೆ ಬಂದವನು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರು ಮುಂದೆ ಹೋದರು.

ಚಿಕ್ಕಬೋರಮ್ಮನವರು ರೇಷ್ಮೆ ಮಾಡುವವರು. ಮಗಳ ಓದು ಎಲ್ಲಿಗೆ ಬಂತು ಅಂತ ಅವರಿಗೆ ಹೇಗೆ ಹೇಳುವುದು? ರೇಷ್ಮೆಹುಳ ಬೆಳೆಯುವಾಗ ನಡುನಡುವೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಗೂಡು. ಚಂದನ ಆ ಲೆಕ್ಕದಲ್ಲೇ ಹೇಳುತ್ತಿದ್ದರು — ಕೋರ್ಸ್‌ವರ್ಕ್ ಒಂದನೇ ಜ್ವರ, ಕಾಂಪ್ರಹೆನ್ಸಿವ್ ಎರಡನೆಯದು. ಮಧ್ಯಾಹ್ನ ಊಟದ ಹೊತ್ತಿಗೆ ಅಮ್ಮನ ಫೋನು. ಆ ದನಿ ಸ್ಟಾಫ್ ರೂಮಿಗೆಲ್ಲ ಕೇಳಿಸುತ್ತಿತ್ತು.

"ಎಷ್ಟ್ನೇ ಜ್ವರ್‌ದಲ್ಲಿದ್ದೀಯವ್ವ?"

"ಎಲ್ಡು ಎದ್ದೆ ಕಣವ್ವ."

ಮೂರನೆಯದೇ ಕಷ್ಟವಾಯಿತು. ಫೋಟೊ ನೋಡಿ ಕಾಯಿಲೆ ಹುಳವನ್ನು ಗುರುತಿಸುವ ಪ್ರೋಗ್ರಾಂ — ಅದು ಅವರ ಸಂಶೋಧನೆ. ರೋಗ ತಗಲುತ್ತದೆ ಅಂತ ಹುಳದ ಮನೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ಅದಕ್ಕೇ ಅಮ್ಮನ ಹುಳದ ಮನೆಯಲ್ಲೇ, ಕೈಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಸಾವಿರಾರು ಫೋಟೊ ತೆಗೆದರು. ಫಲಿತಾಂಶ ಬಂತು ನೋಡಿ — ಹೆಚ್ಚುಕಡಿಮೆ ನೂರಕ್ಕೆ ನೂರು! ಅದರ ಮೇಲೆ ಬರೆದ ಪೇಪರಿಗೆ ಜರ್ನಲ್‌ನ ಒಪ್ಪಿಗೆಯೂ ಸಿಕ್ಕಿತು. ವಿಭಾಗದವರೆಲ್ಲ ಮದ್ದೂರು ವಡೆ ತಿಂದೆವು.

ಸ್ವಲ್ಪ ದಿನದ ಮೇಲೆ ಅವರಿಗೇ ಅನುಮಾನ. ಅನುಮಾನ ಬಂದ ಹುಳವನ್ನು ಆರಿಸಿ ಒಂದು ಹಳೇ ಮೊರಕ್ಕೆ ಹಾಕುವುದು ಚಿಕ್ಕಬೋರಮ್ಮನವರ ರೂಢಿ. ಕಾಯಿಲೆ ಹುಳದ ಫೋಟೊಗಳೆಲ್ಲ ಆ ಮೊರದಲ್ಲೇ ತೆಗೆದವು. ಚಂದನ ಒಂದು ಒಳ್ಳೆಯ ಹುಳವನ್ನು ಮೊರದಲ್ಲಿಟ್ಟು ಫೋಟೊ ತೆಗೆದು ನೋಡಿದರು. ಕಾಯಿಲೆ ಅಂತು ಪ್ರೋಗ್ರಾಂ. ನನ್ನ ಟೇಬಲ್ ಹತ್ತಿರ ಬಂದು, "ಮಹದೇವು ಸಾರ್, ಇದು ಹುಳ ನೋಡ್ತಿಲ್ಲ. ನಮ್ಮವ್ವನ ಮೊರ ನೋಡ್ತೈತೆ" ಅಂದರು. ನಾನು ನಕ್ಕೆ. ಅವರೂ ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಯಾರಿಗೂ ಗೊತ್ತಾಗಲ್ಲ, ಬಿಟ್ಟುಬಿಡಿ ಅಂದವರಿದ್ದರು. ಒಪ್ಪಿಗೆಯಾದ ಪೇಪರನ್ನು ಅವರೇ ವಾಪಸ್ ಪಡೆದರು. ಗೈಡ್ ಮುಂದೆ ನಿಂತು ನನ್ನದು ತಪ್ಪಾಯಿತು ಅಂದರು. ಮತ್ತೆ ಮೊದಲಿಂದ — ಬೇರೆ ಬೇರೆ ತಟ್ಟೆ, ಬೇರೆ ಬೇರೆ ಬೆಳಕು, ಒಳ್ಳೆಯ ಹುಳ, ಕೆಟ್ಟ ಹುಳ, ಎಲ್ಲ ಹೊಸದಾಗಿ. ವರ್ಷಕ್ಕೂ ಮೇಲೆ ಹಿಂದೆ ಬಿದ್ದರು. ಮೂರನೇ ಜ್ವರ ಏಳಲಿಲ್ಲ ಕಣವ್ವ ಅಂತ ಫೋನಿನಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ. ಆ ಕಡೆಯಿಂದ ಅಮ್ಮ ಹೇಳಿದ್ದು ಇಷ್ಟೇ — "ಆತ್ರ ಬೀಳ್ಬ್ಯಾಡ ಮಗ."

ಬೀಳಲಿಲ್ಲ. ಈ ಸಲ ಫಲಿತಾಂಶ ಅಷ್ಟು ಚಂದವಿರಲಿಲ್ಲ, ಆದರೆ ನಿಜವಾಗಿತ್ತು. ಮಾಡಿದ ಕೆಲಸವನ್ನೆಲ್ಲ ಸಭೆಯ ಮುಂದೆ ಒಪ್ಪಿಸುವ ಕೊಲೋಕಿಯಂ ಆಯಿತು — ಮೂರನೇ ಜ್ವರ ಎದ್ದಿತು. ಥೀಸಿಸ್ ಬರೆದು ಕೊಟ್ಟರು — ನಾಲ್ಕನೆಯದು. ಹೊರಗಿನ ಪರೀಕ್ಷಕರ ವರದಿಗಳು ಬಂದವು, ಎರಡೂ ಒಪ್ಪಿಗೆಯೇ. ಇನ್ನು ಉಳಿದದ್ದು ವೈವಾ. ಅದರ ದಿನವೂ ಗೊತ್ತಾಗಿತ್ತು.

ವೈವಾ ಹೇಗೆ ನಡೆಯುತ್ತದೆ ಅಂತ ಚಂದನ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದರು. ಪ್ರಶ್ನೆ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಾರೆ. ಆಮೇಲೆ ಒಳಗೆ ಕರೆಯುತ್ತಾರೆ. ಪರೀಕ್ಷಕರು ಕೂತಿರುತ್ತಾರೆ, ಉಳಿದವರೆಲ್ಲ ನಿಂತಿರುತ್ತೇವೆ. ಅವರು ಹೇಳಿದ ಮೇಲೇ ಡಾಕ್ಟರ್. ನೀನು ಬರಬೇಕು ಕಣವ್ವ, ನನ್ನ ಪಕ್ಕದಲ್ಲೇ ನಿಂತುಕೋಬೇಕು ಅಂದಿದ್ದರಂತೆ. ಅಮ್ಮ ಸೀರೆ ತೆಗೆದಿಟ್ಟಿದ್ದರು. ಇವತ್ತು ಉಟ್ಟುಕೊಂಡು ಬಂದಿರುವುದು ಅದೇ ಸೀರೆ.

ಪದವಿ ಕೊಡಿ ಅಂತ ವಿಶ್ವವಿದ್ಯಾಲಯಕ್ಕೆ ಗೈಡ್ ಬರೆದಿದ್ದಾರೆ. ಅಭ್ಯರ್ಥಿ ಎದುರಿಗೆ ನಿಂತು ಉತ್ತರ ಕೊಡಬೇಕು ಅನ್ನುತ್ತದೆ ನಿಯಮ. ಏನಾಗುತ್ತದೋ ಗೊತ್ತಿಲ್ಲ. ಈ ತಾಯಿಗೆ ಸುಳ್ಳು ಆಸೆ ಹುಟ್ಟಿಸಲು ನನ್ನಿಂದಾಗದು.

ತಿಥಿಯ ದಿನ ನಾನು ಬೆಳಕವಾಡಿಗೆ ಹೋಗಿದ್ದೆ. ಹುಳದ ಮನೆ ಖಾಲಿ ಇತ್ತು. ಅಮ್ಮ ನನ್ನ ಕೈ ಹಿಡಿದು ಕೇಳಿದರು — "ಮಾದೇವಪ್ಪ, ನನ್ ಮಗ್ಳು ಗೂಡ್ ಕಟ್ಟುದ್ಲಾ? ಇಲ್ಲ ಅರ್ಧಕ್ಕೇ ನಿಂತೋಯ್ತಾ?"

ಅದಕ್ಕೆ ಉತ್ತರ ಇವತ್ತು ಎಲ್ಲರ ಮುಂದೆ ಹೇಳುತ್ತೇನೆ. ಕಟ್ಟಿದ್ದಾರಮ್ಮ. ತಪ್ಪಾದದ್ದನ್ನು ಬಿಚ್ಚಿ ಹಾಕಿ, ಮತ್ತೆ ಮೊದಲಿಂದ ಕೂತು, ಪೂರ್ತಿ ಕಟ್ಟಿದ್ದಾರೆ. ಸಂತೆಗೆ ಒಯ್ಯುವುದೊಂದು ಉಳಿದಿತ್ತು.

ನನ್ನ ಮಾತು ಮುಗಿಯಿತು. ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ವೈವಾದಲ್ಲಿ ಬಾಗಿಲು ತೆಗೆದು ಒಳಗೆ ಕರೆದ ಮೇಲೆ, ಪರೀಕ್ಷಕರು ಏನು ಹೇಳುತ್ತಾರೋ ಅಂತ ಕಾಯುತ್ತಾ ನಿಲ್ಲುತ್ತೇವಲ್ಲ — ಹಾಗೆ, ಮಾತಿಲ್ಲದೆ, ಸ್ವಲ್ಪ ಹೊತ್ತು.

ಬೇಡಮ್ಮ — ಚಿಕ್ಕಬೋರಮ್ಮನವರೇ, ನೀವು ಏಳಬೇಡಿ. ಹೇಳಬೇಕಾದವರು ಕೂತಿರುತ್ತಾರೆ. ನೀವು ಕೂತುಕೊಳ್ಳಿ. ನಾವು ನಿಂತಿರುತ್ತೇವೆ.