ಒಂಬತ್ತನೇ ನಂಬರಿನ ಡಬ್ಬಿ

ಹೆಸರು: ಹಣಮಪ್ಪ ತಂದೆ ಚಂದಪ್ಪ ತಳವಾರ. ವಯಸ್ಸು: 47. ಉದ್ಯೋಗ: ಗೌಂಡಿ ಕೆಲಸದ ಕೂಲಿ. ಮೂಲ ಬಾಗಲಕೋಟೆ ಕಡೆ, ಸದ್ಯ ಮಡಗಾಂವ್ ಹತ್ತಿರದ ಕೆಪೆಯಲ್ಲಿ ಬಾಡಿಗೆ ಖೋಲಿಯಲ್ಲಿ ವಾಸ. ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಹೇಳುವುದೇನೆಂದರೆ,

ನನ್ನ ಮಗಳು ರೇಣು ಇಲ್ಲಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ. ಅವಳ ಜೊತೆ ಓದುವವರು ಮನೆಯ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಬರೆಯುತ್ತಾರೆ. ನಮ್ಮಲ್ಲಿ ಅದಿಲ್ಲ. ಅವಳು ಎರಡು ತಿಂಗಳಿಂದ ಕಾಲೇಜಿನ ಒಂಬತ್ತನೇ ನಂಬರಿನ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ 46 ಪುಟ ಬರೆದಿದ್ದಾಳೆ. ಅದನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳುವುದನ್ನು ಅವಳಿಗೆ ಯಾರೂ ತೋರಿಸಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು, ಇಲ್ಲದಿದ್ದರೆ ಒಂದು ವರ್ಷ ಹೋಯಿತು.

ಇಂದು ಶನಿವಾರ, ಆ ಕಂಪ್ಯೂಟರ್ ಇರುವ ಕೋಣೆಯ ರಿಪೇರಿಗೆ ನಾನು ಬೆಳಿಗ್ಗೆ 8:30ಕ್ಕೆ ಹೋದೆ. ಹಳೆಯ ಕಂಪ್ಯೂಟರುಗಳನ್ನೆಲ್ಲ ಗುಜರಿ ಟೆಂಪೋಗೆ ಹೇರಲು ನಮ್ಮ ಕೂಲಿಯವರ ಮೇಲಿನ ಮುಕಾದಮ ಹೇಳಿದರು. ಅವ್ವನ ಜೊತೆ ಫಾತೋರ್ಡಾಕ್ಕೆ ಮನೆಗೆಲಸಕ್ಕೆ ಹೋಗಿದ್ದ ರೇಣುಗೆ ಫೋನ್ ಮಾಡಿದೆ. "ಯಪ್ಪಾ, ಒಂಬತ್ತನೇದ್ರಾಗ ನಂದೆಲ್ಲಾ ಐತಿ, ಅದೊಂದು ಹೆಂಗರ ಮಾಡಿ ಉಳಸು" ಎಂದು ಅತ್ತಳು. ಮುಕಾದಮರಿಗೆ ತಿಳಿಸಿದರೆ ನಿನ್ನ ಕೆಲಸ ನೋಡು ಎಂದರು.

ಹಿಂದೊಮ್ಮೆ ಕಿಟಕಿಯಿಂದ ನೋಡಿದ್ದೆ, ಅವಳು ಒತ್ತಿದ ಅಕ್ಷರಗಳು ಸ್ಕ್ರೀನಿನ ಮೇಲೆ ಮೂಡುತ್ತಿದ್ದವು. ಕೆಳಗಿನ ಡಬ್ಬಿಯಲ್ಲಿ ಫ್ಯಾನ್ ತಿರುಗುತ್ತಿತ್ತು, ಅದು ಗಾಳಿಗೆ ಇಟ್ಟದ್ದೆಂದು ತಿಳಿದಿದ್ದೆ. 11:20ಕ್ಕೆ ಒಂಬತ್ತನೇ ಡಬ್ಬಿಯನ್ನು ನನ್ನ ಕೈಯಾರೆ ಟೆಂಪೋಗೆ ಹಾಕಿದೆ. ಸ್ಕ್ರೀನನ್ನು ಟವೆಲ್ಲಿನಲ್ಲಿ ಸುತ್ತಿ, ಸಿಮೆಂಟ್ ಚೀಲಕ್ಕೆ ಹಾಕಿ, ಗೇಟಿನಿಂದ ಇಪ್ಪತ್ತು ಅಡಿ ದೂರ ನೆರಳಲ್ಲಿಟ್ಟೆ. 5:30ಕ್ಕೆ ಸೈಕಲ್ಲಿಗೆ ಕಟ್ಟುವಾಗ ಬಾಳು ಎಂಬ ವಾಚ್‌ಮನ್ ನನ್ನನ್ನು ಹಿಡಿದು ಇಲ್ಲಿಗೆ ಕರೆತಂದರು. ಕೇಳದೆ ತೆಗೆದುಕೊಂಡದ್ದು ಖರೆ, ಮಾರುವುದಕ್ಕಲ್ಲ.

6:40ಕ್ಕೆ ರೇಣು ಠಾಣೆಗೆ ಬಂದಳು. ಮೇಜಿನ ಮೇಲಿನ ಸ್ಕ್ರೀನ್ ನೋಡಿ, "ಯಪ್ಪಾ, ಡಬ್ಬಿ ಎಲ್ಲೈತಿ?" ಎಂದಳು. ಟೆಂಪೋದಲ್ಲಿ ಹೋಯಿತು ಎಂದೆ. ಬರೆದದ್ದೆಲ್ಲ ಡಬ್ಬಿಯಲ್ಲಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಟೆಂಪೋ ಹೋದದ್ದು ಮಡಗಾಂವ್‌ನ ಗುಜರಿ ಅಂಗಡಿಗೆ, ಇಲ್ಲಿಂದ ಸುಮಾರು 15 ಕಿಲೋಮೀಟರ್. ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ 9 ಎಂದಿದೆ. ನನ್ನ ಮೇಲೆ ಯಾವ ಕೇಸಾದರೂ ಬರೆದುಕೊಳ್ಳಿರಿ ಸಾಹೇಬರೇ, ಮೊದಲು ಅಲ್ಲಿಗೊಂದು ಫೋನ್ ಮಾಡಿರಿ.

ನಾನು ಹೇಳಿದ್ದನ್ನು ಕನ್ನಡ ಬಲ್ಲ ಹವಾಲ್ದಾರರು ಬರೆದುಕೊಂಡಿದ್ದಾರೆ. ನನಗೆ ಓದಲು ಬಾರದ ಕಾರಣ ಮಗಳು ರೇಣು ಓದಿ ಹೇಳಿದಳು. ಬೈಯಲಿಲ್ಲ ಎಂಬಲ್ಲಿ ಸ್ವಲ್ಪ ನಿಂತು ಮುಂದೆ ಓದಿದಳು. ಎಲ್ಲವೂ ನಾನು ಹೇಳಿದಂತೆಯೇ ಇದೆ.

ಸ್ಥಳ: ಕೆಪೆ
ದಿನಾಂಕ: 15-3-2025, ಸಂಜೆ 7:25
ಹಣಮಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು
ಓದಿ ಹೇಳಿದವರ ಸಹಿ: ರೇಣು ಹಣಮಪ್ಪ ತಳವಾರ